ಮೇಲೋ, ಒಳಗೋ

ಏಪ್ರಿಲ್ 9

ಅಕ್ಕಾ,

ನಿನ್ನ ಕಾಲು ಈಗ ಹೇಗಿದೆ? ಪಟ್ಟಿ ಬಿಚ್ಚಿದರೇ? ಭಾವ ಲಾರಿ ತೆಗೆದುಕೊಂಡು ಹೋದವರು ವಾಪಸು ಬಂದರೇ? ಈ ಪತ್ರವನ್ನು ಅಮ್ಮನಿಗೆ ಓದಿ ಹೇಳು. ಅವಳಿಗೆ ಓದು ಬಂದಿದ್ದರೆ ಅವಳಿಗೇ ಬರೆಯುತ್ತಿದ್ದೆ, ನಿನಗೆ ತೊಂದರೆ ಕೊಡುತ್ತಿರಲಿಲ್ಲ.

ನಿನ್ನ ಮನೆಗೆ ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, "ಒಂದೇ ತಿಂಗಳು ಕಣೇ ಕಡ್ಡಿ, ಅವಳ ಮೂಳೆ ಕೂಡಿಕೊಂಡ ತಕ್ಷಣ ಬಂದ್‌ಬಿಡ್ತೀನಿ" ಎಂದಿದ್ದಳು. ಏಳು ವಾರವಾಯಿತು. ನಾನೇನೂ ದಿನ ಎಣಿಸುತ್ತಿಲ್ಲ. ಮರಗೆಲಸದ ಅಂಗಡಿಯಲ್ಲಿ ನಾನು ಹಲಗೆ ಉಜ್ಜುವ ಜಾಗದ ಎದುರಿಗೇ ಕ್ಯಾಲೆಂಡರ್ ತೂಗುಹಾಕಿದ್ದಾರೆ, ನಾನೇನು ಮಾಡಲಿ?

ಹಿತ್ತಿಲ ಪಾತಿಯ ವಿಷಯ ಹೇಳಬೇಕು. ಅಮ್ಮ ಇದ್ದಾಗ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹಾಕುತ್ತಿದ್ದಳು. ನಾನು ಎಂಟಕ್ಕೆ ಮನೆ ಬಿಟ್ಟರೆ ಬರುವುದು ಆರಕ್ಕೆ. ಅಮ್ಮ ಹೋದ ಎರಡನೇ ವಾರಕ್ಕೇ ಟೊಮೆಟೊ ಗಿಡಗಳು ತಲೆ ಬಗ್ಗಿಸಿದವು. ನಾನು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದನ್ನು ನೋಡಿ ನಮ್ಮ ಅಂಗಡಿಯ ಮೇಸ್ತ್ರಿ, "ಏನಮ್ಮಾ ಕಡ್ಡಿ, ಮನೇಲಿ ಯಾರಿಗೆ ಹುಷಾರಿಲ್ಲ?" ಎಂದರು. "ಟೊಮೆಟೊಗೆ" ಎಂದೆ. ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಅಂಗಡಿಯ ಹಿಂದೆ ಒಂದು ವರ್ಷದಿಂದ ಬಿದ್ದಿರುವ ಮರದ ಚಕ್ಕೆಯ ರಾಶಿ ತೋರಿಸಿ, "ತಗೊಂಡು ಹೋಗು. ಬಣ್ಣ ಬಳಿದದ್ದು, ಔಷಧಿ ಹೊಡೆದದ್ದು ಆರಿಸಿ ಬಿಸಾಕು. ಬರೀ ಮರದ್ದು ಮಾತ್ರ ಹಾಕು" ಎಂದರು. ಸೈಕಲ್ ಮೇಲೆ ಆರು ಚೀಲ ಸಾಗಿಸಿ ಪಾತಿಗೆ ಹಾಕಿದೆ.

ಈಗ ಮೂರು ದಿನಕ್ಕೊಮ್ಮೆ ನೀರು ಹಾಕಿದರೆ ಸಾಕು. ಮೊನ್ನೆ ಚಕ್ಕೆ ಸರಿಸಿ ನೋಡಿದೆ. ಮಣ್ಣು ಕಪ್ಪಗೆ ತಣ್ಣಗಿತ್ತು, ಎರೆಹುಳು ಓಡಾಡುತ್ತಿದ್ದವು. ಕಳೆಯಂತೂ ತಲೆ ಎತ್ತಿಲ್ಲ. ಅಮ್ಮನಿಗೆ ಇದನ್ನು ಹೇಳು. ಆದರೆ ಅವಳಿಲ್ಲದಿದ್ದರೂ ಎಲ್ಲ ಸರಿಯಾಗಿ ನಡೆಯುತ್ತಿದೆ ಎನ್ನುವ ಹಾಗೆ ಹೇಳಬೇಡ. ಪಾತಿ ನಡೆಯುತ್ತಿದೆ, ಅಷ್ಟೇ. ಇಬ್ಬರಿಗಾಗುವಷ್ಟು ಅಡುಗೆ ಮಾಡುವ ಅಭ್ಯಾಸ ನನಗಿನ್ನೂ ಹೋಗಿಲ್ಲ. ಉಳಿದದ್ದನ್ನು ಮರುದಿನ ತಿನ್ನುತ್ತೇನೆ.

ಅಮ್ಮ ಯಾವಾಗ ಬರುತ್ತಾಳೆ? ಈ ಸಾಲನ್ನು ಅವಳಿಗೆ ಎರಡು ಸಲ ಓದು.

ನಿನ್ನ ತಂಗಿ


ಏಪ್ರಿಲ್ 26

ಕಡ್ಡಿಗೆ ಅಕ್ಕನ ಪ್ರೀತಿ.

ನಿನ್ನ ಪತ್ರ ಬಂದ ದಿನ ನಾನು ಹೊಲಿಯಲು ಬಂದ ಕೋಟೊಂದಕ್ಕೆ ತೋಳು ಕೂಡಿಸುತ್ತಿದ್ದೆ. ಕೆಲಸ ಬದಿಗಿಟ್ಟು ಅಮ್ಮನಿಗೆ ಓದಿದೆ. ಟೊಮೆಟೊಗೆ ಹುಷಾರಿಲ್ಲ ಎಂದ ಮಾತಿಗೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕಾಲು ಪೂರ್ತಿ ಸರಿಹೋಗಿಲ್ಲ. ಹೊಲಿಗೆ ಯಂತ್ರ ತುಳಿಯುವಾಗ ಸೆಳೆಯುತ್ತದೆ. ಅಮ್ಮ ಇರುವುದರಿಂದ ಬದುಕಿದೆ. ಬೆಳಗ್ಗೆ ಎದ್ದು ನನ್ನ ತಲೆ ಅವಳೇ ಬಾಚುತ್ತಾಳೆ, ನನಗೆ ಮೂವತ್ತು ತುಂಬಿದ್ದು ಅವಳಿಗೆ ಮರೆತೇಹೋಗಿದೆ. ನಿನ್ನ ಭಾವ ಮೊನ್ನೆ ನೋಡಿ, "ನಾಳೆಯಿಂದ ಸ್ಕೂಲಿಗೆ ಸೇರಿಸಿಬಿಡೋಣ್ವಾ?" ಎಂದು ತಮಾಷೆ ಮಾಡಿದರು.

ಇಲ್ಲಿ ಮನೆ ಮುಂದೆ ಬರೀ ಕಲ್ಲುಮಣ್ಣಿತ್ತಲ್ಲ, ಅಲ್ಲಿ ಅಮ್ಮ ಇಟ್ಟಿಗೆ ಸಾಲು ಜೋಡಿಸಿ ಉದ್ದಕ್ಕೂ ಪಾತಿ ಮಾಡಿದ್ದಾಳೆ. ಟೊಮೆಟೊ, ಬದನೆ, ಬೀನ್ಸ್, ಅಂಚಿಗೆ ಚೆಂಡುಹೂ. ಅಳತೆ ಕೊಡಲು ಬರುವವರೆಲ್ಲ ಮೊದಲು ಪಾತಿ ನೋಡಿ ಆಮೇಲೆ ಒಳಗೆ ಬರುತ್ತಾರೆ. "ನಿಮ್ಮಮ್ಮನ ಕೈಗುಣ ಚೆನ್ನಾಗಿದೆ" ಎನ್ನುತ್ತಾರೆ. ಆ ಮಾತು ಕೇಳಿದಾಗ ಅಮ್ಮ ಏನೂ ಗೊತ್ತಿಲ್ಲದವಳ ಹಾಗೆ ಒಳಗೆ ಹೋಗುತ್ತಾಳೆ, ಹೋಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ.

ಈಗ ನೀನೊಂದು ಜಗಳ ಬಿಡಿಸಬೇಕು. ಮರ ಕೊಯ್ಯುವವರು ಹೊಸ ಹೊಟ್ಟು, ಚಕ್ಕೆ ಎರಡನ್ನೂ ಕೊಡುತ್ತೇವೆ ಎಂದಿದ್ದಾರೆ. ನಮಗೂ ನಿನ್ನ ಹಾಗೆ ಹಾಕುವ ಆಸೆ. ಅಮ್ಮ, "ಗೊಬ್ಬರದ ಥರ ಮಣ್ಣೊಳಗೆ ಸೇರಿಸಿ ಅಗೀಬೇಕು" ಎನ್ನುತ್ತಾಳೆ. ನಾನು, "ಅಲ್ಲಮ್ಮಾ, ಅವಳು ಸರಿಸಿ ನೋಡಿದೆ ಅಂತ ಬರೆದಿದ್ದಾಳೆ, ಅಂದ್ಮೇಲೆ ಅದು ಮೇಲೇ ತಾನೇ ಇರೋದು?" ಎನ್ನುತ್ತೇನೆ. "ಹೊಲಿಯೋಳಿಗೆ ಎಲ್ಲಾನೂ ಹೊದಿಕೆ ಥರಾನೇ ಕಾಣತ್ತೆ" ಎಂದು ನನ್ನ ಬಾಯಿ ಮುಚ್ಚಿಸಿದಳು. ಪಂದ್ಯ ಕಟ್ಟಿದ್ದೇವೆ. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು. "ಕಡ್ಡಿ ಏನು ಹೇಳ್ತಾಳೋ ಅದೇ ತೀರ್ಪು, ಅವಳು ಸುಳ್ಳು ಹೇಳೋಳಲ್ಲ" ಎಂದಿದ್ದಾಳೆ ಅಮ್ಮ.

ಬೇಗ ಬರೆ. ಮೇಲೋ, ಒಳಗೋ?

ನಿನ್ನ ಅಕ್ಕ


ಮೇ 4

ಅಕ್ಕಾ,

ಪತ್ರ ತಲುಪಿತು. ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ. ಬಾಗಿಲುಗಳ ದೊಡ್ಡ ಆರ್ಡರ್ ಬಂದಿದೆ, ಅದಕ್ಕೇ ಹೆಚ್ಚು ಬರೆಯಲು ಬಿಡುವಿಲ್ಲ.

ಅಮ್ಮ ಹೇಳಿದ್ದೇ ಸರಿ. ಒಳಗೆ. ಹೊಸ ಹೊಟ್ಟಾದರೂ ಆಗುತ್ತದೆ. ಚೆನ್ನಾಗಿ ಸೇರಿಸಿ ಅಗೆಯಿರಿ. ನಾನು ಸರಿಸಿ ನೋಡಿದ್ದು ಮೇಲೆ ಉಳಿದಿದ್ದ ಚೂರುಪಾರನ್ನು.

ಪಾತ್ರೆ ನೀನೇ ತೊಳೆ. ಕೂತು ತೊಳೆದರೆ ಕಾಲಿಗೇನೂ ಆಗುವುದಿಲ್ಲ.

ಅಮ್ಮ ಯಾವಾಗ ಬರುತ್ತಾಳೆ ಎಂದು ಹೋದ ಪತ್ರದಲ್ಲೂ ಕೇಳಿದ್ದೆ.

ತಂಗಿ


ಜೂನ್ 10

ಕಡ್ಡಿ,

ಇಷ್ಟು ದಿನ ಬರೆಯದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಒಳ್ಳೆಯ ಸುದ್ದಿ ಬಂದಾಗ ಬರೆಯೋಣ ಎಂದು ಕಾಯುತ್ತಿದ್ದೆ, ಬರಲಿಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆವು. ಎಂಟು ಚೀಲ ಹೊಟ್ಟು ತರಿಸಿದೆವು. ಗಿಡಗಳ ಬೇರಿಗೆ ಪೆಟ್ಟಾಗದ ಹಾಗೆ ಅಮ್ಮ ಕೂತುಕೊಂಡು ಕೈಯಲ್ಲೇ ಮಣ್ಣು ಕೆದಕಿ, ಒಂದೊಂದು ಗಿಡದ ಸುತ್ತಲೂ ಸೇರಿಸಿದಳು. ಎರಡು ದಿನದ ಕೆಲಸ. ಮೂರನೇ ವಾರಕ್ಕೆ ಎಲೆ ಹಳದಿಯಾಗತೊಡಗಿತು. ಮೊದಲು ಕೆಳಗಿನ ಎಲೆ, ಆಮೇಲೆ ಮೇಲಿನದು. ನೀರು ಸಾಲದು ಎಂದು ನೀರು ಹಾಕಿದೆವು. ನೀರು ಜಾಸ್ತಿಯಾಯಿತು ಎಂದು ನಿಲ್ಲಿಸಿದೆವು. ಬದನೆ ಗಿಡ ಗೇಣುದ್ದಕ್ಕೇ ನಿಂತುಹೋಗಿದೆ. ಬೀನ್ಸ್ ಬಳ್ಳಿ ಅರ್ಧ ಕೋಲು ಹತ್ತಿ ಅಲ್ಲೇ ಸುಸ್ತಾಗಿದೆ.

ಗಿಡ ಹೋದರೆ ಹೋಗಲಿ. ಅಮ್ಮನ ವಿಷಯಕ್ಕೆ ಬರೆಯುತ್ತಿದ್ದೇನೆ. "ಕಡ್ಡಿ ಹೇಳಿದ ಹಾಗೇ ಮಾಡಿದ್ದೀವಿ. ಅವಳ ಪಾತಿ ಚೆನ್ನಾಗಿದೆ, ಇದು ಸಾಯ್ತಿದೆ. ಅಂದ್ರೆ ಕೆಟ್ಟಿರೋದು ನನ್ನ ಕೈ" ಎನ್ನುತ್ತಾಳೆ. ನಾನು, "ಮಣ್ಣೇ ಸರಿಯಿಲ್ಲಮ್ಮ" ಎಂದರೆ, "ಹೋದ ತಿಂಗಳು ಇದೇ ಮಣ್ಣಲ್ವಾ?" ಎಂದು ಕೇಳುತ್ತಾಳೆ. ಪಕ್ಕದ ಮನೆಯವರು ಒಂದು ಗುಲಾಬಿ ಕಡ್ಡಿ ನೆಟ್ಟುಕೊಡಿ ಎಂದು ಕರೆದರೆ, "ಬೇಡ ತಾಯಿ, ನನ್ನ ಕೈಗುಣ ಹೋಯ್ತು" ಎಂದು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು. ಅದನ್ನು ನೋಡಿದಾಗಿನಿಂದ ನನಗೆ ಕೆಲಸಕ್ಕೆ ಮನಸ್ಸು ಬರುತ್ತಿಲ್ಲ. ಒಂದು ಅಂಗಿಗೆ ಎರಡೂ ಎಡ ತೋಳು ಕೂಡಿಸಿಬಿಟ್ಟೆ.

"ಹಾಳು ಮಾಡಿಟ್ಟು ಯಾವ ಮುಖ ಹೊತ್ಕೊಂಡು ಹೋಗ್ಲಿ? ಇದು ಚಿಗುರೋವರೆಗೂ ಎಲ್ಲಿಗೂ ಹೋಗಲ್ಲ" ಎನ್ನುತ್ತಿದ್ದಾಳೆ. ನಿಮ್ಮ ಮೇಸ್ತ್ರಿಯನ್ನು ಕೇಳಿ ಏನಾದರೂ ಉಪಾಯವಿದ್ದರೆ ಬರೆ.

ಅಕ್ಕ


ಜೂನ್ 16

ಅಕ್ಕಾ,

ಇದನ್ನು ಅಮ್ಮನ ಎದುರು ಓದು. ಮೊದಲಿನಿಂದ ಕೊನೆಯವರೆಗೆ ಓದು, ಯಾವ ಸಾಲನ್ನೂ ಬಿಡಬೇಡ. ಬಿಟ್ಟರೆ ಮತ್ತೊಮ್ಮೆ ಇದನ್ನು ಬರೆಯುವ ಧೈರ್ಯ ನನಗಿಲ್ಲ.

ಅಮ್ಮಾ, ನಿನ್ನ ಕೈ ಕೆಟ್ಟಿಲ್ಲ. ನಾನು ಸುಳ್ಳು ಬರೆದೆ. ಅಕ್ಕ ಹೇಳಿದ್ದೇ ಸರಿ. ಚಕ್ಕೆ ಮಣ್ಣಿನ ಮೇಲೆ ಇರಬೇಕು, ಒಳಗಲ್ಲ. ಮೇಸ್ತ್ರಿ ಮೊದಲ ದಿನವೇ ನನಗೆ ಹೇಳಿದ್ದರು. "ಇದು ಊಟ ಅಲ್ಲ, ಕಂಬಳಿ. ಕಂಬಳೀನ ಯಾರೂ ನುಂಗಲ್ಲ" ಎಂದು. ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ನಿನ್ನೆ ಮೇಸ್ತ್ರಿಯ ಹತ್ತಿರ ಹೋಗಿ, ಹಸಿ ಹೊಟ್ಟನ್ನು ಮಣ್ಣೊಳಗೆ ಸೇರಿಸಿದರೆ ಏನಾಗುತ್ತದೆ ಎಂದು ಕೇಳಿದೆ. "ಅದು ಕೊಳೀಬೇಕಲ್ಲ, ಅದಕ್ಕೆ ಮಣ್ಣಿನ ಸಾರಾನೆಲ್ಲ ಅದೇ ಉಂಡ್‌ಬಿಡತ್ತೆ. ಗಿಡ ಉಪವಾಸ. ಯಾವ ಬುದ್ಧಿವಂತ ಹಾಗೆ ಹೇಳ್ಕೊಟ್ಟಿದ್ದು?" ಎಂದರು. "ಯಾರೋ" ಎಂದೆ. ಅಲ್ಲೂ "ನಾನೇ" ಎಂದು ಹೇಳಲು ಬಾಯಿ ಬರಲಿಲ್ಲ.

ಯಾಕೆ ಹಾಗೆ ಬರೆದೆ ಎಂದು ನೀವು ಕೇಳುತ್ತೀರಿ. ತಲೆ ಬಾಚಿದ್ದು ಓದಿದೆ. ಪಂದ್ಯ ಕಟ್ಟಿದ್ದು ಓದಿದೆ. ನೀವಿಬ್ಬರೂ ಪಾತಿಯ ಮುಂದೆ ನಿಂತು ಜಗಳವಾಡಿ ನಗುವುದು ಇಲ್ಲಿಗೆ ಕೇಳಿಸಿದ ಹಾಗಾಯಿತು. ನನ್ನ ಪಾತಿಯನ್ನು ನೋಡುವವರು ಯಾರೂ ಇಲ್ಲ. ಕೆಂಪಾದ ಮೊದಲ ಟೊಮೆಟೊವನ್ನು ಕಿಟಕಿಯಲ್ಲಿಟ್ಟು, ಅದು ಮೆತ್ತಗಾಗುವವರೆಗೆ ಕಾದು, ಕೊನೆಗೆ ಬಿಸಾಕಿದೆ. ಅಕ್ಕಾ, ಅಮ್ಮನ ಕೈಗುಣದ ಬಗ್ಗೆ ನಿನ್ನ ಬೀದಿಯವರು ಮಾತಾಡುತ್ತಾರೆ ಎಂದು ಓದಿದಾಗ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಆ ಕೈ ನಮ್ಮ ಮನೆಯದು ಎನಿಸಿತು. ನಿನ್ನ ಪಾತಿ ಹಾಳಾಗಲಿ, ನೀನು ಪಾತ್ರೆ ತೊಳೆ, ಅಮ್ಮನಿಗೆ ಅಲ್ಲಿ ಬೇಜಾರಾಗಿ ಇಲ್ಲಿಗೆ ಬರಲಿ ಎಂದು ಎಣಿಸಿದೆ. ಅಮ್ಮ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ ಎಂದು ಎಣಿಸಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಸಲ, ಮೇನಲ್ಲಿ ಒಂದು ಸಲ, ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದ್ದೆ. ಎರಡಕ್ಕೂ ಅಮ್ಮ ಒಂದು ಮಾತೂ ಹೇಳಿಕಳಿಸಲಿಲ್ಲ. ಅದೂ ನನ್ನ ತಲೆ ಕೆಡಿಸಿತು. ಹಾಗೆಂದು ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ಈಗ ಮಾಡಬೇಕಾದದ್ದು. ಕೈಗೆ ಸಿಗುವಷ್ಟು ಹೊಟ್ಟನ್ನು ಮೆಲ್ಲಗೆ ಕೆರೆದು ಹೊರಗೆ ಹಾಕಿ. ಚೆನ್ನಾಗಿ ಕಳಿತ ಗೊಬ್ಬರವನ್ನು ಗಿಡಕ್ಕೆ ಎರಡು ಬೊಗಸೆಯಂತೆ ಕೊಡಿ, ಹದಿನೈದು ದಿನ ಬಿಟ್ಟು ಮತ್ತೆ ಕೊಡಿ. ಆಮೇಲೆ ಹಳೆಯ ಚಕ್ಕೆಯನ್ನು ನಾಲ್ಕು ಬೆರಳು ದಪ್ಪ ಹರಡಿ. ಬುಡಕ್ಕೆ ತಾಗಿಸಬೇಡಿ, ಗಿಡದ ಸುತ್ತ ಅಂಗೈ ಅಗಲ ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಮೇಲೆ. ಮಣ್ಣಿನ ಮೇಲೆ.

ತಪ್ಪಾಯಿತು.

ಕಡ್ಡಿ


ಜುಲೈ 5

ಕಡ್ಡಿ,

ಓದಿದೆ. ಪೂರ್ತಿ ಓದಿದೆ, ಆದರೆ ಒಂದೇ ಉಸಿರಿಗೆ ಓದಲು ಆಗಲಿಲ್ಲ. ಯಾಕೆ ಎಂದು ಹೇಳುತ್ತೇನೆ.

ಅಮ್ಮ ನನ್ನ ಎದುರು ಕೂತು ಬಟ್ಟೆ ಮಡಿಸುತ್ತಿದ್ದಳು. ನೀನು ಸುಳ್ಳು ಬರೆದೆ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಕಂಬಳಿಯ ಮಾತಿಗೆ ತುಟಿ ಅಲುಗಿತು. ಕೊನೆಗೆ, "ಹೊಟ್ಟು ಹಾಕು ಅಂತ ಹೇಳಿ ಹೊಟ್ಟೆಕಿಚ್ಚು ಹಾಕ್ಸಿದ್ದಾಳಲ್ಲೇ ನನ್ನ ಮಗಳು! ಅದೂ ಎಂಟು ಚೀಲ!" ಎಂದಳು. ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

ಮುಂದಿನ ಸಾಲಿಗೆ ಬಂದು ನಾನು ನಿಲ್ಲಿಸಿದೆ. ಏಪ್ರಿಲ್‌ನಲ್ಲಿ ಒಂದು ಸಲ, ಮೇನಲ್ಲಿ ಒಂದು ಸಲ.

"ಯಾಕೆ ನಿಲ್ಲಿಸ್ದೆ?"

"ಅಕ್ಷರ ಸರಿಯಾಗಿ ಕಾಣ್ತಿಲ್ಲಮ್ಮ."

"ಇಷ್ಟೊತ್ತು ಕಂಡಿದ್ದು ಈಗ ಯಾಕೆ ಕಾಣಲ್ಲ? ಓದೇ."

ಓದಿದೆ. ಅಮ್ಮ ಮಡಿಸಿದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದ್ದು ಇದು: "ಅವಳು ಯಾವಾಗ ಬರ್ತೀಯ ಅಂತ ಒಂದ್ ಮಾತೂ ಕೇಳಿಲ್ಲ ಅಂತ ದಿನಾ ಅಂದ್ಕೊಳ್ತಿದ್ದೆ. ಚಕ್ಕೆ ಇದೆ, ಪಾತಿ ಚೆನ್ನಾಗಿದೆ, ಇನ್ನು ನಾನ್ಯಾಕೆ ಅಂತ."

ಕಡ್ಡಿ, ಆ ಸಾಲುಗಳನ್ನು ನಾನು ಅಮ್ಮನಿಗೆ ಓದಿರಲಿಲ್ಲ. ಎರಡು ಸಲ ಓದು ಎಂದು ನೀನು ಬರೆದಿದ್ದೆ, ಒಂದು ಸಲವೂ ಓದಲಿಲ್ಲ. ಇಬ್ಬರಿಗಾಗುವಷ್ಟು ಅಡುಗೆಯ ಮಾತನ್ನೂ ಬಿಟ್ಟೆ. ಅದನ್ನು ಓದಿದ್ದರೆ ಅಮ್ಮ ಮರುದಿನವೇ ಬಸ್ ಹತ್ತುತ್ತಿದ್ದಳು.

ಇನ್ನೂ ಒಂದಿದೆ. ನನ್ನ ಕಾಲಿನ ಪಟ್ಟಿ ಬಿಚ್ಚಿದ್ದು ಮಾರ್ಚ್ ಕೊನೆಗೆ. ನೋವು ಅಂದೇ ಹೋಗಿತ್ತು. ಅಮ್ಮ ಹತ್ತಿರ ಬರುವ ಸದ್ದಾದರೆ ಕುಂಟುತ್ತಿದ್ದೆ. ಇದನ್ನೂ ಅವತ್ತೇ ಅವಳಿಗೆ ಹೇಳಿಬಿಟ್ಟೆ. ಅವಳು, "ಎಡಗಾಲು ಮುರ್ಕೊಂಡು ಬಲಗಾಲಲ್ಲಿ ಕುಂಟೋಳು ಲೋಕದಲ್ಲಿ ನೀನೊಬ್ಬಳೇ ಇರಬೇಕು. ನಂಗೆ ಕಣ್ಣಿಲ್ವಾ?" ಎಂದಳು. ಅವಳಿಗೆ ಎರಡು ತಿಂಗಳಿಂದ ಗೊತ್ತಿತ್ತಂತೆ.

ನಿನ್ನ ಮೇಲೆ ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಬದನೆ ಗಿಡ ನೋಡಿದಾಗೆಲ್ಲ ಬರುತ್ತದೆ. ಆದರೆ ನೀನು ಹುಟ್ಟಿದಾಗಿನಿಂದ ಅಮ್ಮನ ಜೊತೆ ಇದ್ದೀಯ. ನಾನು ಮದುವೆಯಾಗಿ ಬಂದು ಹತ್ತು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದು ಮೂರು ಸಲ. ಪ್ರತಿ ಸಲವೂ ಬಂದ ದಿನದಿಂದಲೇ, "ಕಡ್ಡಿ ಒಬ್ಬಳೇ ಇದ್ದಾಳೆ" ಎಂದು ಶುರು ಮಾಡುತ್ತಿದ್ದಳು. ನನ್ನ ಮೂಳೆ ಮುರಿದಾಗ, ನಿಜ ಹೇಳುತ್ತೇನೆ, ನೋವಿನಲ್ಲೂ ಮೊದಲು ಹೊಳೆದದ್ದು ಈಗ ಅಮ್ಮ ಬರುತ್ತಾಳೆ ಎಂದು.

ನೀನು ಹೇಳಿದ ಹಾಗೆ ಹೊಟ್ಟು ತೆಗೆದು ಗೊಬ್ಬರ ಕೊಟ್ಟೆವು. ಹಳೆಯ ಚಕ್ಕೆ ಮೇಲೆ ಹರಡಿದೆವು. ಮೂರು ಟೊಮೆಟೊ ಗಿಡ ಹೊಸ ಎಲೆ ಬಿಟ್ಟಿವೆ, ಹಸಿರಾಗಿ. ಬದನೆ ಹೋಯಿತು. ಬೀನ್ಸ್ ಹೊಸದಾಗಿ ಬಿತ್ತಿದ್ದೇವೆ. ಬೀಜ ಬಿದ್ದ ಸಾಲಿನಲ್ಲಿ ಚಕ್ಕೆ ಸರಿಸಿಟ್ಟಿದ್ದೇನೆ. ಸಸಿ ಗೇಣುದ್ದ ಆದ ಮೇಲೆ ಹಾಕಬೇಕು, ಅಲ್ಲವೇ? ಈ ಸಲ ನಿಜ ಹೇಳು.

ಭಾನುವಾರದ ಬಸ್ಸಿಗೆ ಅಮ್ಮನನ್ನು ಹತ್ತಿಸುತ್ತೇನೆ. ಸಂಜೆ ನಾಲ್ಕಕ್ಕೆ ನಿಲ್ದಾಣದಲ್ಲಿರು.

ಅಕ್ಕ


ಜುಲೈ 24

ಅಕ್ಕಾ,

ಅಮ್ಮ ಕ್ಷೇಮವಾಗಿ ತಲುಪಿದಳು. ನಾನು ಎರಡೂವರೆಗೇ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದವಳೇ ನನ್ನ ಕಿವಿ ಹಿಂಡಿದಳು. ಜೋರಾಗಿಯೇ ಹಿಂಡಿದಳು. ಆಮೇಲೆ ಚೀಲ ನನ್ನ ಕೈಗೆ ಕೊಟ್ಟಳು.

ಸಸಿ ಗೇಣುದ್ದ ಆದ ಮೇಲೆಯೇ ಚಕ್ಕೆ ಹಾಕು. ಇದು ನಿಜ.

ಅವಳು ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಪಾತಿ ನೋಡಿದಳು. ಚಕ್ಕೆ ಸರಿಸಿ ಬೆರಳು ಅದ್ದಿ ನೋಡಿ, "ಪರವಾಗಿಲ್ಲ ಕಣೇ, ಮಣ್ಣು ಬೆಣ್ಣೆ ಥರ ಆಗಿದೆ" ಎಂದಳು. ಮೂರು ತಿಂಗಳಿಂದ ಆ ಮಾತಿಗೆ ಕಾದಿದ್ದೆ. ಅದರ ಬೆನ್ನಿಗೇ, "ಅಲ್ಲಿ ಅವಳು ನೀರು ಹಾಕಿದ್ಲೋ ಇಲ್ವೋ" ಎಂದಳು. ಅಂದಿನಿಂದ ಹೀಗೆಯೇ. ಊಟಕ್ಕೆ ಕೂತರೆ ನೀನು ಉಂಡೆಯೋ ಇಲ್ಲವೋ ಎನ್ನುತ್ತಾಳೆ. ಮೊನ್ನೆ ಕೇಳಿಯೇಬಿಟ್ಟೆ. "ಅವಳ ಕಾಲು ಸರಿಯಾಗಿದೆ ಅಂತ ಗೊತ್ತಿದ್ದೂ ಅಷ್ಟು ದಿನ ಯಾಕಮ್ಮಾ ಇದ್ದೆ?" ಅವಳು ನನ್ನನ್ನು ನೋಡಲಿಲ್ಲ. "ದೊಡ್ಡೋಳಾಗಿ ನನಗೋಸ್ಕರ ಕುಂಟ್ತಾಳಲ್ಲೇ. ಹೇಗೆ ಎದ್ದು ಬರ್ಲಿ?" ಎಂದಳು. ನಾನು ಸೈಕಲ್ ತೆಗೆದುಕೊಂಡು ಸುಮ್ಮನೆ ಒಂದು ಸುತ್ತು ಹೋಗಿ ಬಂದೆ. ನನಗೆ ಕುಂಟುವುದು ಹೊಳೆಯಲೇ ಇಲ್ಲವಲ್ಲ ಎಂದು ಬೇಸರವಾಯಿತು.

ಈ ಪತ್ರ ಅವಳೇ ಬರೆಸುತ್ತಿರುವುದು. ಮೇಲಿನದೆಲ್ಲ ನನ್ನ ಸೇರ್ಪಡೆ. ಅವಳು ಹೇಳಿದ್ದು: ಭಾವನನ್ನು ಕೇಳಿದಳೆಂದು ಹೇಳು. ಚೆಂಡುಹೂವಿನ ಒಣಗಿದ ತಲೆಗಳನ್ನು ಕಿತ್ತು ಬೀಜ ತೆಗೆದಿಡು. ಪಕ್ಕದ ಮನೆಯವರ ಗುಲಾಬಿಯನ್ನು ಹೊರಡುವ ಮುಂಚೆ ನೆಟ್ಟು ಬಂದಿದ್ದಾಳೆ, ಚಿಗುರಿತೇ ನೋಡಿ ಬರೆ.

ಇಷ್ಟು ಬರೆದೆ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ನಾನು ಪೆನ್ನನ್ನು ಕಾಗದದ ಮೇಲೆ ಇಟ್ಟುಕೊಂಡು ಕೂತೆ.

"ಬರೆದ್ಯಾ?"

"ಬರೆದೆ."

"ಎಲ್ಲಿ, ಓದು."

ಬರೆಯದ ಸಾಲನ್ನು ಬರೆದ ಹಾಗೆಯೇ ಓದಿಬಿಟ್ಟೆ ಅಕ್ಕಾ. ಒಂದು ಅಕ್ಷರ ಆಚೀಚೆ ಮಾಡದೆ ಓದಿದೆ. ನೀನು ಓದದೆ ಬಿಡುವಾಗ ನಿನಗೆ ಹೇಗಾಗಿತ್ತು ಎಂದು ನನಗೀಗ ಗೊತ್ತು. ಎಷ್ಟು ಸುಲಭ ಎಂದೂ ಗೊತ್ತು. ಅವಳು ತಲೆಯಾಡಿಸಿ ಹಿತ್ತಿಲಿಗೆ ಹೋದಳು. ಈಗ ಬಾವಿಯ ಕಡೆಯಿಂದ ಬಿಂದಿಗೆಯ ಸದ್ದು ಕೇಳುತ್ತಿದೆ. ಇವತ್ತು ನೀರು ಬೇಡ ಎಂದರೂ ಕೇಳುವುದಿಲ್ಲ.

ಅವಳು ಹೇಳಿದ್ದನ್ನು ಈಗ ಬರೆಯುತ್ತಿದ್ದೇನೆ. ಹೊಸ ಬೀನ್ಸ್ ಕಾಯಿ ಬಿಡುವ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಅಮ್ಮ ನಿನ್ನ ಮನೆಗೆ ಬರುತ್ತಾಳೆ. ಎರಡು ತಿಂಗಳು ಇರುತ್ತಾಳೆ.

ಒಂದು ತಿಂಗಳು ಎಂದು ಬರೆಯೋಣ ಎನಿಸಿತು. ಅವಳು ಹೇಳಿದ್ದು ಎರಡು.

ನಿನ್ನ ತಂಗಿ